ಚಂದ್ರ ಎಷ್ಟು ದೂರ? ಎರಡು ಚೆಂಡು, ಒಂದು ದಾರ ಸಾಕು

ಆರು, ಏಳನೇ ತರಗತಿ ಮಕ್ಕಳಿರುವವರಿಗೆ ಒಂದು ಸಲಹೆ. ಪುಸ್ತಕದ ಚಿತ್ರಗಳಲ್ಲಿ ಭೂಮಿ, ಚಂದ್ರ ಪಕ್ಕಪಕ್ಕದಲ್ಲೇ ಇರುತ್ತವೆ. ಹಾಳೆಯಲ್ಲಿ ಜಾಗ ಸಾಲದು, ಏನು ಮಾಡೋದು? ಆದರೆ ಮಕ್ಕಳ ತಲೆಯಲ್ಲಿ ಅದೇ ಕೂತುಬಿಡುತ್ತದೆ.

ಒಂದು ಬಾಸ್ಕೆಟ್‌ಬಾಲ್, ಒಂದು ಟೆನಿಸ್ ಚೆಂಡು ತಗೊಳ್ಳಿ. ಮೊದಲನೆಯದು ಭೂಮಿ, ಎರಡನೆಯದು ಚಂದ್ರ. ಗಾತ್ರದ ಲೆಕ್ಕ ಹೆಚ್ಚುಕಡಿಮೆ ಸರಿಯಾಗುತ್ತದೆ. ಚಂದ್ರನನ್ನು ಎಲ್ಲಿಡಬೇಕು ಅಂತ ಮಕ್ಕಳನ್ನೇ ಕೇಳಿ. ಉತ್ತರ ಹೇಳಬೇಡಿ, ಸುಮ್ನೆ ನೋಡಿ. ನನ್ನ ಮಗಳು ಒಂದು ಗೇಣು ದೂರದಲ್ಲಿಟ್ಟಳು.

ಆಮೇಲೆ ಬಾಸ್ಕೆಟ್‌ಬಾಲ್‌ಗೆ ದಾರವನ್ನು ಒಂಬತ್ತೂವರೆ ಸುತ್ತು ಸುತ್ತಿ, ಬಿಚ್ಚಿ, ಉದ್ದಕ್ಕೆ ಎಳೆಯಿರಿ. ಏಳು ಮೀಟರ್ ದಾಟುತ್ತದೆ! ನಮ್ಮ ಮನೆಯಲ್ಲಿ ಹಾಲ್ ಸಾಲದೆ ದಾರ ಬಾಗಿಲಾಚೆ ಹೋಯಿತು. ಆ ತುದಿಯಲ್ಲಿ ಟೆನಿಸ್ ಚೆಂಡು ಇಡಿ. ನಿಜವಾದ ಸರಾಸರಿ ದೂರ 3,84,400 ಕಿಲೋಮೀಟರ್.

ಗಗನಯಾತ್ರಿಗಳಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎಲ್ಲಿರುತ್ತದೆ ಅಂತಲೂ ಕೇಳಿ. ಅದು ಸುಮಾರು 400 ಕಿಲೋಮೀಟರ್ ಎತ್ತರ, ಅಂದರೆ ಚೆಂಡಿನ ಮೇಲೆ ಒಂದು ಸೆಂಟಿಮೀಟರ್ ಕೂಡ ಇಲ್ಲ. ಮಕ್ಕಳಿಗೆ ಜಾಸ್ತಿ ಆಶ್ಚರ್ಯ ಆಗೋದು ಇಲ್ಲೇ.

ಆಗ ಚಂದ್ರಯಾನ-3ರ ಕಥೆ ಹೇಳಿ. 2023ರ ಜುಲೈ 14ರಂದು ಹೊರಟಿದ್ದು ಆಗಸ್ಟ್ 23ರಂದು ಇಳಿಯಿತು. 1969ರಲ್ಲಿ ಅಪೊಲೊ 11 ದೊಡ್ಡ ರಾಕೆಟ್ಟಿನ ಬಲದಿಂದ ನಾಲ್ಕೇ ದಿನದಲ್ಲಿ ಇಳಿದಿತ್ತು. ನಮ್ಮದು ಭೂಮಿಯನ್ನೇ ಸುತ್ತುತ್ತಾ, ಸುತ್ತು ಹಿಗ್ಗಿಸಿಕೊಳ್ಳುತ್ತಾ, ಕಡಿಮೆ ಇಂಧನದಲ್ಲಿ ಹೋಯಿತು. ಅದೇ ದಾರದಲ್ಲಿ ಆ ಸುತ್ತುಗಳನ್ನು ನೆಲದ ಮೇಲೆ ಹಾಕಿ ತೋರಿಸಿ.

ಮಂಗಳ ಎಲ್ಲಿ ಅಂತ ಕೇಳೇ ಕೇಳುತ್ತಾರೆ. ತೀರಾ ಹತ್ತಿರ ಬಂದಾಗಲೂ ಇದೇ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಆಚೆ!