ಹಳೇ ಫಾಯಿಲ್ ಕೊಳ್ಳುವ ಮೊದಲು ಅದರ ಜಾತಕ ನೋಡಿ

ನನ್ನ ಹತ್ತಿರ ಹೈಡ್ರೋಫಾಯಿಲ್ ಕಲಿಯಲು ಬರುವವರಲ್ಲಿ ಕೆಲವರು ಬರಿಗೈಯಲ್ಲಿ ಬರುತ್ತಾರೆ. ಹೈಡ್ರೋಫಾಯಿಲ್ ಅಂದರೆ ಬೋರ್ಡಿನಡಿಗೆ ಸಿಕ್ಕಿಸುವ ಕಂಬ, ಅದರ ತುದಿಗೆ ನೀರೊಳಗಿನ ರೆಕ್ಕೆ. ವೇಗ ಬಂದಾಗ ಆ ರೆಕ್ಕೆ ಬೋರ್ಡನ್ನು ನೀರಿನಿಂದ ಮೇಲೆತ್ತುತ್ತದೆ. ಇನ್ನು ಕೆಲವರು ಅಗ್ಗಕ್ಕೆ ಸಿಕ್ಕಿತು ಅಂತ ಸೆಕೆಂಡ್ ಹ್ಯಾಂಡ್ ಫಾಯಿಲ್ ಹೊತ್ತು ತರುತ್ತಾರೆ. ಕಲಿಸುವ ನನಗೆ ಈ ಎರಡನೆಯವರದ್ದೇ ತಲೆನೋವು. ಬ್ಯಾಗ್ ಬಿಚ್ಚಿದರೆ ಒಳಗೆ ತೆಳ್ಳನೆಯ ಸಣ್ಣ ರೆಕ್ಕೆ, ಮೀಟರ್ ಉದ್ದದ ಮಾಸ್ಟ್, ಅಂದರೆ ಕಂಬ. ಯಾರೋ ಕೈಟ್ ರೇಸ್‌ಗೆ, ಅಂದರೆ ದೊಡ್ಡ ಗಾಳಿಪಟ ಎಳೆಯುವ ಬೋರ್ಡಿನ ಓಟಕ್ಕೆ, ಇಟ್ಟುಕೊಂಡಿದ್ದ ಸಾಮಾನು. ಸಾಮಾನೇನೋ ಚೆನ್ನಾಗಿದೆ, ಆದರೆ ಹೊಸಬರಿಗೆ ಅಲ್ಲ.

ಯಾವ ಫಾಯಿಲ್ ಕೈಗೆ ಬಂದರೂ ಎರಡು ಪ್ರಶ್ನೆ ಕೇಳಿ. ಇದನ್ನು ಎಷ್ಟು ವೇಗಕ್ಕೆ ಮಾಡಿದ್ದಾರೆ? ನೀರಿನ ಮೇಲೆ ಎತ್ತರ ಕಾಯುವವರು ಯಾರು? ಈ ಆಟದ ಚರಿತ್ರೆ ಪೂರ್ತಿ ಈ ಎರಡರ ಸುತ್ತವೇ ತಿರುಗಿದೆ.

ಮೊದಲು ಎತ್ತರದ ಮಾತು. 1906ರಲ್ಲಿ ಇಟಲಿಯ ಎನ್ರಿಕೊ ಫೋರ್ಲಾನಿನಿ ಮಜೋರೆ ಸರೋವರದಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತಿ ಓಡಿಸಿದ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಕೇಸಿ ಬಾಲ್ಡ್ವಿನ್ ಮಾಡಿದ ಎಚ್‌ಡಿ-4 ದೋಣಿ 1919ರಲ್ಲಿ ಕೆನಡಾದಲ್ಲಿ ಗಂಟೆಗೆ ಸುಮಾರು 114 ಕಿ.ಮೀ. ಓಡಿ ಜಲವೇಗದ ದಾಖಲೆ ಬರೆಯಿತು. ಆ ದೋಣಿಗಳಲ್ಲಿ ರೆಕ್ಕೆಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಇದ್ದವು. ದೋಣಿ ಮೇಲೇಳುತ್ತಿದ್ದಂತೆ ಮೇಲಿನ ಮೆಟ್ಟಿಲುಗಳು ನೀರಿನಿಂದ ಹೊರಗೆ ಬರುತ್ತಿದ್ದವು, ಎತ್ತುವ ಬಲ ತಾನಾಗಿಯೇ ಕಡಿಮೆಯಾಗುತ್ತಿತ್ತು. ಈಗಿನ ‘ಮಾತ್’ ಎಂಬ ಪುಟ್ಟ ಹಾಯಿದೋಣಿಯಲ್ಲೂ ಅಂಥದ್ದೇ ಏರ್ಪಾಡಿದೆ. ಮೂತಿಯಿಂದ ಒಂದು ಕಡ್ಡಿ ನೀರಿಗೆ ತಾಗಿಕೊಂಡಿರುತ್ತದೆ, ಅದು ಅಲುಗಿದಂತೆ ರೆಕ್ಕೆಯ ಹಿಂಬದಿಯ ಪಟ್ಟಿ ತಿರುಗುತ್ತದೆ.

ನಿಮ್ಮ ಬೋರ್ಡಿನಲ್ಲಿ ಏಣಿಯೂ ಇಲ್ಲ, ಕಡ್ಡಿಯೂ ಇಲ್ಲ. ಆ ಕೆಲಸ ನಿಮ್ಮ ಮುಂಗಾಲಿನದು, ಅಂದರೆ ಬೋರ್ಡಿನ ಮೇಲೆ ಮುಂದೆ ಇಟ್ಟ ಕಾಲಿನದು. ಕಲಿಯುವುದು ಅಂದರೆ ಮುಖ್ಯವಾಗಿ ಇದನ್ನೇ.

ಇನ್ನು ವೇಗ. ನೀರಿನಲ್ಲಿ ವೇಗ ಅರ್ಧವಾದರೆ ರೆಕ್ಕೆ ಎತ್ತುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ತೂಕ ಎತ್ತಬೇಕಾದರೆ ರೆಕ್ಕೆ ನಾಲ್ಕು ಪಟ್ಟು ದೊಡ್ಡದಾಗಬೇಕು. ಈ ಲೆಕ್ಕ ತಲೆಯಲ್ಲಿದ್ದರೆ ಮುಂದಿನ ಕಥೆ ಸಲೀಸು. 1980ರ ದಶಕದಲ್ಲಿ ಬಾಬ್ ವೂಲಿ ಮತ್ತು ಮೈಕ್ ಮರ್ಫಿ ಕೂತು ಸವಾರಿ ಮಾಡುವ ಫಾಯಿಲ್ ತಯಾರಿಸಿದರು. ಅದೇ ಏರ್ ಚೇರ್. ಎಳೆಯಲು ಮೋಟಾರ್ ಬೋಟ್ ಇದೆ, ವೇಗಕ್ಕೇನು ಬರ? ರೆಕ್ಕೆ ಚಿಕ್ಕದಾದರೂ ನಡೆಯಿತು. 1990ರ ದಶಕದ ಕೊನೆಗೆ ಹವಾಯಿಯ ಸರ್ಫರ್ ಲೇರ್ಡ್ ಹ್ಯಾಮಿಲ್ಟನ್ ಮತ್ತು ಗೆಳೆಯರು ಅದೇ ಫಾಯಿಲನ್ನು ಬೋರ್ಡಿಗೆ ಸಿಕ್ಕಿಸಿ, ಸ್ನೋಬೋರ್ಡ್ ಬೂಟು ಬಿಗಿದುಕೊಂಡು, ದೊಡ್ಡ ಅಲೆಗಳಿಗೆ ಎಳೆಸಿಕೊಂಡು ಹೋದರು. ಬಿದ್ದರೆ ಕಾಲು ಬೋರ್ಡಿನಲ್ಲೇ! ಧೈರ್ಯ ಅವರದು, ನಮಗೆ ಬೇಡ. ಆಮೇಲೆ ಕೈಟ್‌ನವರು ಬಂದರು. ಗಾಳಿಪಟದ ಎಳೆತ ಜೋರು, ಹಾಗಾಗಿ ಅವರ ರೇಸ್ ಫಾಯಿಲ್ ದಿನೇ ದಿನೇ ತೆಳುವಾಯಿತು, ಮಾಸ್ಟ್ ಉದ್ದವಾಯಿತು. 2024ರ ಒಲಿಂಪಿಕ್ಸ್‌ನಲ್ಲಿ ಮಾರ್ಸೇಯಲ್ಲಿ ಕಂಡದ್ದು ಇದೇ ಕವಲು. ನಿಮ್ಮ ಬ್ಯಾಗಿನಲ್ಲಿರುವ ಅಗ್ಗದ ಸಾಮಾನೂ ಬಹುಪಾಲು ಇದೇ ಕವಲಿನದು.

ಹೊಸಬರ ಅದೃಷ್ಟ ಖುಲಾಯಿಸಿದ್ದು 2016ರ ಹೊತ್ತಿಗೆ. ಕೈ ಲೆನಿ ಎಂಬ ಸರ್ಫರ್ ಹವಾಯಿಯ ಕಡಲಲ್ಲಿ ಹುಟ್ಟು ಹಾಕುವ ಬೋರ್ಡಿಗೆ ದಪ್ಪ, ದೊಡ್ಡ ರೆಕ್ಕೆಯ ಫಾಯಿಲ್ ಸಿಕ್ಕಿಸಿ, ಬೋಟಿಲ್ಲ, ಗಾಳಿಪಟವಿಲ್ಲ, ಬರೀ ಅಲೆಯುಬ್ಬಿನ ಮೇಲೆ ತೇಲಿಹೋದ ವಿಡಿಯೋ ಬಂತು. ದೊಡ್ಡ ರೆಕ್ಕೆ ಇದ್ದರೆ ನಿಧಾನದಲ್ಲೂ ಮೇಲೇಳಬಹುದು ಅಂತ ಜಗತ್ತಿಗೇ ಗೊತ್ತಾಯಿತು. 2018-19ರಿಂದ ಕೈಯಲ್ಲಿ ಹಿಡಿಯುವ ಗಾಳಿ ತುಂಬಿದ ವಿಂಗ್ ಬಂದದ್ದು, ಅದು ಇಷ್ಟು ಬೇಗ ಹಬ್ಬಿದ್ದು ಈ ರೆಕ್ಕೆಯ ದಯೆಯಿಂದಲೇ.

ಈಗ ಕೊಳ್ಳುವ ವಿಚಾರ. 75 ಕೆ.ಜಿ. ಆಸುಪಾಸಿನವರಾದರೆ ಮುಂಬದಿಯ ರೆಕ್ಕೆ 1,700ರಿಂದ 2,000 ಚದರ ಸೆಂಟಿಮೀಟರ್ ಇರಲಿ. ರೆಕ್ಕೆಯ ಮೇಲೆ ಬರೆದಿರುವ ಸಂಖ್ಯೆ ನೋಡಿ ಸುಮ್ನೆ ನಂಬಬೇಡಿ. ಕೆಲವರು ವಿಸ್ತೀರ್ಣ ಬರೆಯುತ್ತಾರೆ, ಕೆಲವರು ರೆಕ್ಕೆಯ ಅಗಲವನ್ನು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಮಾಸ್ಟ್ 70-75 ಸೆಂಟಿಮೀಟರ್ ಸಾಕು. ವಿಂಗ್ ಫಾಯಿಲಿಗೆ ಬೋರ್ಡಿನ ಗಾತ್ರ, ಲೀಟರ್ ಲೆಕ್ಕದಲ್ಲಿ, ನಿಮ್ಮ ತೂಕದ ಕೆ.ಜಿ. ಸಂಖ್ಯೆಗಿಂತ 30-40 ಜಾಸ್ತಿ ಇರಬೇಕು. ಹೆಲ್ಮೆಟ್, ದಪ್ಪ ಇಂಪ್ಯಾಕ್ಟ್ ಜಾಕೆಟ್, ಬೋರ್ಡನ್ನು ಮೈಗೆ ಕಟ್ಟುವ ಲೀಶ್ ಇಲ್ಲದವರನ್ನು ನಾನು ನೀರಿಗೆ ಇಳಿಸುವುದಿಲ್ಲ. ರೆಕ್ಕೆಯ ಅಂಚು ಚರ್ಮ ಸೀಳುವಷ್ಟು ಚೂಪು.

ಕಲಿಯುವಾಗ ಆಟ ಬೆಳೆದ ದಾರಿಯಲ್ಲೇ ಹೋಗಿ. ಮೊದಲು ಎಳೆಸಿಕೊಳ್ಳಿ. ಬೋಟು ಗಂಟೆಗೆ 15 ಕಿ.ಮೀ. ಆಸುಪಾಸಿನಲ್ಲಿ, ಒಂದೇ ಸಮ ಹೋಗಲಿ. ಬ್ಯಾಟರಿಯ ಇ-ಫಾಯಿಲ್ ಬಾಡಿಗೆಗೆ ಸಿಕ್ಕರೆ ಅದೂ ಆದೀತು. ವಿಂಗ್ ಹಿಡಿಯುವುದು ಬೇರೆಯೇ ವಿದ್ಯೆ, ಅದನ್ನು ದಡದಲ್ಲಿ ಅಥವಾ ಫಾಯಿಲ್ ಇಲ್ಲದ ಬೋರ್ಡಿನಲ್ಲಿ ಕಲಿತು ಬನ್ನಿ. ಎರಡನ್ನೂ ಒಟ್ಟಿಗೆ ಕಲಿಯಲು ಹೊರಟವರು ಎರಡನ್ನೂ ಬಿಟ್ಟದ್ದನ್ನು ಕಂಡಿದ್ದೇನೆ.

ನೀರಿನಲ್ಲಿ ಮೊದಲು ಮೇಲೇಳಲೇಬೇಡಿ. ಎದೆಮಟ್ಟಕ್ಕಿಂತ ಆಳದ ಕಡೆ, ಮುಂಗಾಲು ಒತ್ತಿ ಬೋರ್ಡನ್ನು ನೀರಿಗೆ ಅಂಟಿಸಿಕೊಂಡೇ ಹೋಗಿ. ರೆಕ್ಕೆ ಎತ್ತಲು ನೋಡುತ್ತದೆ, ನೀವು ಬಿಡಬಾರದು. ಆ ಒತ್ತಡ ಕಾಲಿಗೆ ಅಭ್ಯಾಸವಾದ ಮೇಲೆ ಸ್ವಲ್ಪವೇ ಸಡಿಲಿಸಿ. ಬೋರ್ಡ್ ಒಂದು ಗೇಣು ಏಳುತ್ತದೆ, ಚಟಪಟ ಸದ್ದು ಥಟ್ಟನೆ ನಿಲ್ಲುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಕೆಳಗೆ ಬಗ್ಗಿ ನೋಡಿ, ಹಿಂದಕ್ಕೆ ವಾಲುವುದು. ರೆಕ್ಕೆಯ ತುದಿ ನೀರಿನಿಂದ ಹೊರಗೆ ಬರುತ್ತದೆ, ಗಾಳಿ ಹೀರಿಕೊಳ್ಳುತ್ತದೆ, ಎತ್ತುವ ಬಲ ಮಾಯ. ಮೂತಿ ಧಡಕ್ಕನೆ ನೀರಿಗೆ. ಕಣ್ಣು ದೂರದ ಗುರುತಿನ ಮೇಲಿರಲಿ. ಬೀಳುವುದು ಖಚಿತವಾದರೆ ಹೋರಾಡಬೇಡಿ, ಬೋರ್ಡಿನಿಂದ ಆಚೆಗೆ ಹಾರಿ. ತಲೆ ಮುಂದಾಗಿ ಧುಮುಕಬಾರದು.

ಎಷ್ಟು ಒತ್ತಿದರೂ ಮೂತಿ ಏಳುತ್ತಲೇ ಇದೆಯಾ? ತಪ್ಪು ನಿಮ್ಮದೇ ಆಗಿರಬೇಕಿಲ್ಲ. ಬೋರ್ಡಿನಡಿಯ ಹಳಿಯಲ್ಲಿ ಮಾಸ್ಟನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿ ನೋಡಿ. ಬೋರ್ಡ್ ಏಳುವುದೇ ಇಲ್ಲ ಅಂದರೆ ಮುಂದಕ್ಕೆ ಸರಿಸಿ. ಸರಿ ಅನ್ನಿಸಿದ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿಡಿ.

ಉಪ್ಪುನೀರಾದರೆ ಕೆಲಸ ಮುಗಿದ ಕೂಡಲೇ ಬಿಚ್ಚಿ, ಸಿಹಿನೀರಿನಲ್ಲಿ ತೊಳೆಯಿರಿ. ಅಲ್ಯೂಮಿನಿಯಂ ಮಾಸ್ಟಿನೊಳಗೆ ಸ್ಟೀಲ್ ಬೋಲ್ಟು ಹಾಗೇ ಬಿಟ್ಟರೆ ಕಚ್ಚಿಕೊಂಡು ಬಿಡುತ್ತದೆ. ಆಮೇಲೆ ಡ್ರಿಲ್ಲೇ ಗತಿ. ಜೋಡಿಸುವಾಗ ಪ್ರತಿ ಬೋಲ್ಟಿಗೂ ಗ್ರೀಸ್ ಹಚ್ಚಿ. ಹಳೇ ಫಾಯಿಲ್ ಕೊಳ್ಳುವಾಗಲೂ ಅಷ್ಟೇ, ಕಾಸು ಕೊಡುವ ಮೊದಲು ಮಾರುವವರ ಎದುರಿಗೇ ಎಲ್ಲ ಬೋಲ್ಟು ಒಂದು ಸಲ ಬಿಚ್ಚಿಸಿ.