ಕಾಲಿನ ತಯಾರಿ ಮಂಗಳೂರಲ್ಲಿ, ಉಸಿರಿನ ತಯಾರಿ ಸೋನಮರ್ಗದಲ್ಲಿ

ಕಾಶ್ಮೀರದ ಸರೋವರಗಳ ಚಾರಣ ಮುಗಿಸಿ ಬಂದ ಮೇಲೆ ಊರಿನವರು ಕೇಳುವುದು ಒಂದೇ ಪ್ರಶ್ನೆ. ಸಮುದ್ರದ ಬದಿಯಲ್ಲಿ ಇದ್ದುಕೊಂಡು ಅಷ್ಟು ಎತ್ತರಕ್ಕೆ ತಯಾರಾಗುವುದು ಹೇಗೆ ಮಾರಾಯ್ರೇ? ಖಂಡಿತ ಆಗುತ್ತದೆ. ಆದರೆ ಇಲ್ಲಿ ಕಾಲನ್ನು ಮಾತ್ರ ತಯಾರು ಮಾಡಬಹುದು. ಎತ್ತರದ ಗಾಳಿಗೆ ದೇಹ ಹೊಂದಿಕೊಳ್ಳುವುದು ಅಲ್ಲಿ ಹೋದ ಮೇಲೆಯೇ, ಅದಕ್ಕೆ ಪಣಂಬೂರಿನಲ್ಲಿ ಎಷ್ಟು ಓಡಿದರೂ ಪ್ರಯೋಜನವಿಲ್ಲ.

ದಾರಿ ಸೋನಮರ್ಗದಿಂದ ಶುರು, ನಾರಾನಾಗ್‌ನಲ್ಲಿ ಕೊನೆ. ಸುಮಾರು 70 ಕಿಲೋಮೀಟರ್. ನಡುವೆ ವಿಶನ್‌ಸರ್, ಕಿಶನ್‌ಸರ್, ಗಡ್ಸರ್, ಸತ್ಸರ್, ಕೊನೆಗೆ ಹರಮುಖ ಪರ್ವತದ ಬುಡದಲ್ಲಿ ನುಂದ್‌ಕೋಲ್ ಮತ್ತು ಗಂಗಾಬಲ್ ಸರೋವರಗಳು. ಅತಿ ಎತ್ತರದ ಜಾಗ ಗಡ್ಸರ್ ಪಾಸ್, ಅಂದರೆ ಬೆಟ್ಟ ದಾಟುವ ದಾರಿ, 4,200 ಮೀಟರ್ ಹತ್ತಿರ. ನಮ್ಮ ಕುದುರೆಮುಖ 1,894 ಮೀಟರ್, ಅದರ ಎರಡು ಪಟ್ಟಿಗಿಂತ ಜಾಸ್ತಿ ಆಯ್ತಲ್ವಾ? ಸೀಸನ್ ಜುಲೈನಿಂದ ಸೆಪ್ಟೆಂಬರ್. ನಮ್ಮಲ್ಲಿ ಮಳೆ ಹಿಡಿದು ಸುರಿಯುವ ಕಾಲ ಅದು. ಅಲ್ಲಿ ಪೀರ್ ಪಂಜಾಲ್ ಸಾಲು ಮಳೆಯ ಮೋಡಗಳಿಗೆ ಅಡ್ಡ ನಿಲ್ಲುವುದರಿಂದ ಅಷ್ಟು ಮಳೆ ಇಲ್ಲ.

ಹಾಗಾಗಿ ಗುಡ್ಡ ಹತ್ತುವುದನ್ನೆಲ್ಲ ನಾವು ಮಳೆಗಾಲಕ್ಕೆ ಮೊದಲೇ ಮುಗಿಸಿದೆವು. ಚಳಿಗಾಲದಲ್ಲಿ ಮುಳ್ಳೋಡಿಯಿಂದ ಕುದುರೆಮುಖ, ಹೋಗಿ ಬರಲು ಸುಮಾರು 20 ಕಿಲೋಮೀಟರ್. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು, ಅದನ್ನು ನೋಡಿಕೊಂಡೇ ದಿನ ಇಡಬೇಕು. ಆಮೇಲೆ ಬೆಳ್ತಂಗಡಿಯ ಗಡಾಯಿಕಲ್ಲು. ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ ಇರುವ ಬಂಡೆ ಅದು, ಕಲ್ಲಿನಲ್ಲೇ ಕೊರೆದ ಮೆಟ್ಟಿಲುಗಳು. ನನ್ನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ತರಬೇತಿಯ ಜಾಗ ಇಲ್ಲ, ಯಾಕೆಂದರೆ ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ಮೊಣಕಾಲಿಗೆ ಕೆಲಸ, ಎರಡೂ ಒಂದೇ ಬೆಳಿಗ್ಗೆ ಸಿಗುತ್ತದೆ. ಬ್ಯಾಗಿನಲ್ಲಿ ಅಕ್ಕಿ ಕಟ್ಟಿಕೊಂಡು ಹೋಗುತ್ತಿದ್ದೆವು. ಮೊದಲು ಸ್ವಲ್ಪ, ಆಮೇಲೆ ಜಾಸ್ತಿ. ಮಳೆ ಶುರುವಾದ ಮೇಲೆ ಫ್ಲಾಟಿನ ಮೆಟ್ಟಿಲೇ ಗತಿ, ಅದೇ ಚಾರಣದ ಶೂ ಹಾಕಿಕೊಂಡು. ಹೊಸ ಶೂ ಕಾಲಿಗೆ ಪಳಗದೆ ಅಲ್ಲಿಗೆ ತೆಗೆದುಕೊಂಡು ಹೋಗಲೇಬೇಡಿ. ನಮ್ಮ ಜೂನ್ ತಿಂಗಳ ತೇವಕ್ಕೆ ಶೂಗೆ ಬೂಸು ಹಿಡಿಯುತ್ತದೆ, ಒಳಗೆ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡಿ.

ಈಗ ಎತ್ತರದ ವಿಷಯ. ಗಡ್ಸರ್ ಪಾಸ್‌ನಲ್ಲಿ ಗಾಳಿಯ ಒತ್ತಡ ನಮ್ಮ ಕಡಲ ತೀರದಲ್ಲಿ ಇರುವುದರ ಶೇಕಡಾ 60ರಷ್ಟು ಮಾತ್ರ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ಇಪ್ಪತ್ತರ ಹುಡುಗನಾದರೂ, ಮ್ಯಾರಥಾನ್ ಓಡುವವನಾದರೂ ಎತ್ತರದ ಕಾಯಿಲೆ ಬರಬಹುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಎಂದು ವೈದ್ಯರು ಹೇಳುತ್ತಾರೆ. ಇಲ್ಲಿ ಸೋನಮರ್ಗ 2,700 ಮೀಟರ್ ಆಸುಪಾಸು, ಮೊದಲ ಕ್ಯಾಂಪೇ 3,500ರ ಹತ್ತಿರ. ವಿಮಾನ ಇಳಿದ ಮಂಗಳೂರಿನವರಿಗೆ ಇದು ದೊಡ್ಡ ನೆಗೆತ. ಅದಕ್ಕೇ ನಾವು ಸೋನಮರ್ಗದಲ್ಲಿ ಹೆಚ್ಚಿಗೆ ಒಂದು ರಾತ್ರಿ ಉಳಿದೆವು, ಹಗಲು ಸುಮ್ನೆ ಸ್ವಲ್ಪ ಮೇಲೆ ಹತ್ತಿ ಮತ್ತೆ ಕೆಳಗೆ ಬಂದು ಮಲಗಿದೆವು. ರಜೆ ಕಡಿಮೆ ಇದೆ ಎಂದು ಇದನ್ನು ಬಿಡಬೇಡಿ, ಬೇಕಾದರೆ ಶ್ರೀನಗರ ಸುತ್ತುವುದನ್ನು ಕಡಿಮೆ ಮಾಡಿ. ತಲೆನೋವು, ವಾಕರಿಕೆ, ಊಟ ಸೇರದೆ ಇರುವುದು ಶುರುವಾದರೆ ಮೇಲೆ ಹೋಗುವಂತಿಲ್ಲ. ಜಾಸ್ತಿಯಾದರೆ ಕೆಳಗೆ ಇಳಿಯಲೇಬೇಕು, ರಾತ್ರಿ ಆದರೂ. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎಂದು ಊರಿನಲ್ಲೇ ಡಾಕ್ಟರ ಹತ್ತಿರ ಕೇಳಿಕೊಂಡು ಹೋಗಿ.

ನಮ್ಮ ಊರಿನವರಿಗೆ ಇನ್ನೊಂದು ತೊಂದರೆ ಇದೆ. ಇಲ್ಲಿ ಬೆವರು ಧಾರಾಳ ಹರಿಯುತ್ತದೆ, ಹಾಗಾಗಿ ನೀರು ಕುಡಿಯಬೇಕು ಎಂದು ತಾನಾಗಿಯೇ ನೆನಪಾಗುತ್ತದೆ. ಅಲ್ಲಿ ಒಣ ಗಾಳಿ, ಬೆವರು ಕಾಣುವುದೇ ಇಲ್ಲ, ಬಾಯಾರಿಕೆಯೂ ಗೊತ್ತಾಗುವುದಿಲ್ಲ. ಬಾಯಾರಿಕೆಗೆ ಕಾಯದೆ ಆಗಾಗ ಕುಡಿಯುತ್ತಿರಬೇಕು. ಬಿಸಿಲು ಕೂಡ ಹಾಗೆಯೇ ಮೋಸ. ತಣ್ಣಗಿದೆ ಎಂದು ಟೋಪಿ ತೆಗೆದರೆ ಮೂಗಿನ ಚರ್ಮ ಏಳುತ್ತದೆ.

ವಿಶನ್‌ಸರ್ ದಡಕ್ಕೆ ಬಂದಾಗ ಜೊತೆಗಿದ್ದ ಭಾವ ಶರ್ಟ್ ಬಿಚ್ಚಲು ಶುರು ಮಾಡಿದರು. ಮಲ್ಪೆಯವರು, ಸಮುದ್ರದಲ್ಲಿ ಈಜಿ ಬೆಳೆದವರು. "ಬೇಡ ಭಾವ, ಮೊಣಕಾಲಿನವರೆಗೆ ಸಾಕು" ಎಂದೆ. ಅವರು ಕೇಳಿದರು, ಅದು ಒಳ್ಳೆಯದಾಯಿತು. ಹಿಮ ಕರಗಿದ ನೀರು ಅದು. ಒಮ್ಮೆಲೇ ಹಾರಿದರೆ ಮೊದಲ ಒಂದೆರಡು ನಿಮಿಷ ಉಸಿರು ನಮ್ಮ ಹಿಡಿತದಲ್ಲಿ ಇರುವುದಿಲ್ಲ, ಏದುಸಿರಿನ ಜೊತೆ ನೀರೂ ಒಳಗೆ ಹೋಗಬಹುದು. ಈಜು ಬರುತ್ತದೆ ಎನ್ನುವುದು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ದಡದಲ್ಲಿ ಕೂತು ಟ್ರೌಟ್ ಮೀನು ನೋಡುವುದೇ ಬೇಕಾದಷ್ಟು ಖುಷಿ. ಗಾಳ ಹಾಕುವ ಆಸೆ ಇದ್ದರೆ ಮೊದಲೇ ಮೀನುಗಾರಿಕೆ ಇಲಾಖೆಯ ಪರವಾನಗಿ ಮಾಡಿಸಿಕೊಳ್ಳಬೇಕು. ಮತ್ತೆ ದಯವಿಟ್ಟು ಆ ನೀರಲ್ಲಿ ಸೋಪು, ಶಾಂಪೂ, ಪಾತ್ರೆ ತೊಳೆಯುವುದು ಯಾವುದೂ ಬೇಡ. ವಿಶನ್‌ಸರ್‌ನಿಂದ ಹೊರಟ ನೀರು ಮುಂದೆ ಕಿಶನ್‌ಗಂಗಾ ನದಿ ಆಗುತ್ತದೆ. ಕೆಳಗೆ ಎಷ್ಟೋ ಊರುಗಳು ಅದನ್ನೇ ನಂಬಿವೆ. ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಬೇಕು, ಕಸ ಎಲ್ಲ ವಾಪಸ್ ಹೊತ್ತು ತರಬೇಕು.

ಊಟಕ್ಕೆ ಕುಚ್ಚಲಕ್ಕಿ ಒಯ್ಯುವ ಯೋಚನೆ ಬಿಡಿ. ಆ ಎತ್ತರದಲ್ಲಿ ನೀರು 88 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅದು ಬೇಯುವುದೇ ಇಲ್ಲ. ಬೆಳ್ತಿಗೆ ಅಕ್ಕಿ, ಅವಲಕ್ಕಿ, ಬೆಲ್ಲ ಸಾಕು. ಉಪ್ಪಿನಕಾಯಿ ಮಾತ್ರ ಬೇಕೇ ಬೇಕು, ನಾಲಿಗೆಗೆ ಏನೂ ರುಚಿಸದ ದಿನ ಗಂಜಿ ಒಳಗೆ ಇಳಿಯುವುದು ಅದರಿಂದಲೇ.

ಆಧಾರ್ ಕಾರ್ಡಿನ ಮೂಲ ಪ್ರತಿ ಕೈಯಲ್ಲೇ ಇರಲಿ, ದಾರಿಯಲ್ಲಿ ಸೇನೆಯವರು ತಪಾಸಣೆ ಮಾಡುತ್ತಾರೆ. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮೇಲೆ ಅದೂ ಸಿಗದು, ಮನೆಯವರಿಗೆ ಮೊದಲೇ ಹೇಳಿಟ್ಟು ಹೊರಡಿ.

ಕೊನೆಯ ದಿನ ಗಂಗಾಬಲ್ ಕಡೆಯಿಂದ ನಾರಾನಾಗ್‌ಗೆ ಇಳಿಯುವುದು ಸಾವಿರ ಮೀಟರಿಗೂ ಜಾಸ್ತಿ, ಒಂದೇ ಸಮನೆ ಇಳಿಜಾರು. ಗಡಾಯಿಕಲ್ಲಿನಲ್ಲಿ ಇಳಿದದ್ದು ಫಲ ಕೊಟ್ಟದ್ದು ಇಲ್ಲಿ. ಎರಡು ಕೋಲು ಹಿಡಿದು, ಹೆಜ್ಜೆ ಚಿಕ್ಕದು ಮಾಡಿ, ಮೊಣಕಾಲು ಸ್ವಲ್ಪ ಬಗ್ಗಿಸಿಕೊಂಡೇ ಇಳಿದೆವು. ಭಾವ ನನಗಿಂತ ಮೊದಲು ಕೆಳಗೆ ಮುಟ್ಟಿ, ಅಲ್ಲಿನ ಹಳೆಯ ಕಲ್ಲಿನ ದೇವಸ್ಥಾನಗಳನ್ನು ನೋಡಿ ಮುಗಿಸಿ, ಚಹಾಕ್ಕೂ ಹೇಳಿ ಆಗಿತ್ತು.