ಬಾಲ್ ವಾಲ್ವ್ ಸೋರುತ್ತಿದ್ದರೆ ಮೊದಲು ಒತ್ತಡದ ಲೆಕ್ಕ ನೋಡಿ

ಮುಚ್ಚಿದ ಬಾಲ್ ವಾಲ್ವ್ ಹನಿ ಬಿಡುತ್ತಿದ್ದರೆ ಹ್ಯಾಂಡಲ್‌ಗೆ ಪೈಪ್ ಸಿಕ್ಕಿಸಿ ಜೋರಾಗಿ ಅದುಮಬೇಡಿ. ಗ್ಲೋಬ್ ವಾಲ್ವ್‌ನಲ್ಲಿ ತಿರುಗಿಸಿದಷ್ಟೂ ಮುಚ್ಚುವ ಬಿಲ್ಲೆ (ಡಿಸ್ಕ್) ಸೀಟಿನ ಮೇಲೆ, ಅಂದರೆ ಅದು ಕೂತು ಸೀಲ್ ಆಗುವ ಉಂಗುರದ ಮೇಲೆ, ಬಿಗಿಯಾಗುತ್ತದೆ. ಬಾಲ್ ವಾಲ್ವ್‌ನಲ್ಲಿ ಹ್ಯಾಂಡಲ್, ನಡುವೆ ರಂಧ್ರವಿರುವ ಚೆಂಡನ್ನು 90 ಡಿಗ್ರಿ ತಿರುಗಿಸುತ್ತದೆ, ಅಷ್ಟೇ. ಚೆಂಡನ್ನು ಸೀಟಿಗೆ ಒತ್ತಿ ಹಿಡಿಯುವುದು ಪೈಪಿನೊಳಗಿನ ದ್ರವವೇ.

ಸಣ್ಣ ಸೈಜಿನ ವಾಲ್ವ್‌ಗಳಲ್ಲಿ ಚೆಂಡು ಎರಡು ಟೆಫ್ಲಾನ್ ಸೀಟುಗಳ ನಡುವೆ ತೇಲುವಂತೆ ಕೂತಿರುತ್ತದೆ. ಇದನ್ನು ಫ್ಲೋಟಿಂಗ್ ಬಾಲ್ ಎನ್ನುತ್ತಾರೆ. ಹ್ಯಾಂಡಲ್‌ಗೆ ಸೇರಿದ ಕಡ್ಡಿಯ (ಸ್ಪಿಂಡಲ್) ಚಪ್ಪಟೆ ತುದಿ ಚೆಂಡಿನ ತಲೆಯ ಮೇಲಿನ ಸ್ಲಾಟ್‌ನಲ್ಲಿ ಕೂರುತ್ತದೆ. ವಾಲ್ವ್ ಮುಚ್ಚಿದಾಗ ಆ ಸ್ಲಾಟ್ ಪೈಪಿನ ಉದ್ದಕ್ಕೇ ನಿಲ್ಲುತ್ತದೆ. ಹಾಗಾಗಿ ಚೆಂಡು ಮುಂದಕ್ಕೆ ಒಂದಿಷ್ಟು ಸರಿಯಬಹುದು. ಒಳಬರುವ ಕಡೆಯ ಒತ್ತಡ ಅದನ್ನು ಹೊರಹೋಗುವ ಕಡೆಯ ಸೀಟಿಗೆ ತಳ್ಳುತ್ತದೆ, ಅಲ್ಲಿ ಸೀಲ್ ಆಗುತ್ತದೆ.

ಎಷ್ಟು ಬಲ? ಚೆಂಡು ಸೀಟನ್ನು ಮುಟ್ಟುವ ವೃತ್ತದ ವ್ಯಾಸ 60 ಮಿ.ಮೀ. ಎಂದಿಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 28 ಚದರ ಸೆಂ.ಮೀ. ಲೈನ್‌ನಲ್ಲಿ 10 ಬಾರ್ ಒತ್ತಡ ಇದ್ದರೆ (ಒಂದು ಬಾರ್ ಎಂದರೆ ಚದರ ಸೆಂ.ಮೀ.ಗೆ ಸುಮಾರು ಒಂದು ಕೆ.ಜಿ. ಬಲ) ಚೆಂಡಿನ ಮೇಲೆ ಹೆಚ್ಚುಕಡಿಮೆ 290 ಕೆ.ಜಿ. ಭಾರ ಬೀಳುತ್ತದೆ. ಅದೇ ವಾಲ್ವ್‌ನಲ್ಲಿ ಅರ್ಧ ಬಾರ್ ಇದ್ದರೆ ಬೀಳುವುದು ಬರೀ 14 ಕೆ.ಜಿ. ಬಾಲ್ ವಾಲ್ವ್‌ಗೆ ಹೆಚ್ಚು ಒತ್ತಡಕ್ಕಿಂತ ಕಡಿಮೆ ಒತ್ತಡವನ್ನು ತಡೆಯುವುದೇ ಕಷ್ಟ ಎನ್ನುವುದು ಇದಕ್ಕೇ. ಆ ಕೊರತೆ ತುಂಬಲೆಂದು ಜೋಡಿಸುವಾಗಲೇ ಸೀಟುಗಳನ್ನು ಚೆಂಡಿಗೆ ಸ್ವಲ್ಪ ಅದುಮಿ ಕೂರಿಸಿರುತ್ತಾರೆ.

ಇಲ್ಲಿಂದ ದೋಷ ಹುಡುಕುವ ದಾರಿ ಸಿಗುತ್ತದೆ. ಒತ್ತಡ ಕಡಿಮೆ ಇದ್ದಾಗ ಸೋರಿ, ಏರಿದಾಗ ನಿಂತರೆ, ಮೊದಲ ಅದುಮು ಹೋಗಿದೆ ಎಂದರ್ಥ. ಟೆಫ್ಲಾನ್ ನಿರಂತರ ಭಾರದಡಿ ನಿಧಾನವಾಗಿ ಹರಡಿ ತೆಳುವಾಗುವ ವಸ್ತು, ಬಿಸಿ ಹೆಚ್ಚಿದಷ್ಟೂ ಬೇಗ ಹರಡುತ್ತದೆ. ಒತ್ತಡ ಏರಿದಂತೆ ಸೋರಿಕೆಯೂ ಏರಿದರೆ ಚೆಂಡಿನ ಮೇಲೆ ಗೀರು, ಸೀಟಿನಲ್ಲಿ ಕಚ್ಚು ಅಥವಾ ನಡುವೆ ಸಿಕ್ಕ ಮರಳು, ವೆಲ್ಡಿಂಗ್ ಚೂರು ಇರುತ್ತದೆ. ಎಷ್ಟು ತಳ್ಳಿದರೂ ಆ ಸಂದು ಮುಚ್ಚುವುದಿಲ್ಲ.

ಬಿಚ್ಚುವ ಮುನ್ನ ಇನ್ನೆರಡು ನೋಡಿ. ಹ್ಯಾಂಡಲ್ ತೆಗೆದು ಸ್ಪಿಂಡಲ್‌ನ ತಲೆಯಲ್ಲಿ ಚೆಂಡಿನ ರಂಧ್ರದ ದಿಕ್ಕು ತೋರಿಸುವ ಗುರುತು, ವಾಲ್ವ್ ಮುಚ್ಚಿದಾಗ ಪೈಪಿಗೆ ಸರಿಯಾಗಿ ಅಡ್ಡ ಬಂದಿದೆಯೇ ಪರೀಕ್ಷಿಸಿ. ಹ್ಯಾಂಡಲ್ ತಡೆದು ನಿಲ್ಲಿಸುವ ಸ್ಟಾಪರ್ ಸವೆದು ಚೆಂಡು ನಾಲ್ಕೈದು ಡಿಗ್ರಿ ಆಚೀಚೆ ನಿಂತರೂ ಸೋರಬಹುದು. ಹನಿ ಸ್ಪಿಂಡಲ್ ಬುಡದಲ್ಲಿ ಬರುತ್ತಿದ್ದರೆ ಅದು ಸೀಟಿನ ತಪ್ಪಲ್ಲ. ಸ್ಪಿಂಡಲ್ ಸುತ್ತಲಿನ ಪ್ಯಾಕಿಂಗ್ ಅದುಮುವ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡಿ, ನೋಡಿ, ಬೇಕಿದ್ದರೆ ಮತ್ತೆ ಅಷ್ಟೇ.

ಸೀಟ್ ಬದಲಿಸುವುದು ಬಾಡಿಯನ್ನು ಬೋಲ್ಟ್ ಹಾಕಿ ಜೋಡಿಸಿದ ಮೂರು ತುಂಡಿನ ವಾಲ್ವ್‌ನಲ್ಲಿ ಸುಲಭ. ಲೈನ್ ಬಂದ್ ಮಾಡಿ ಒತ್ತಡವನ್ನು ಪೂರ್ತಿ ಇಳಿಸಿ. ಆಮೇಲೆ ವಾಲ್ವ್ ಅನ್ನು ಅರ್ಧ ತೆರೆದಿಡಿ. ಈ ಹೆಜ್ಜೆಯನ್ನು ಯಾವತ್ತೂ ಬಿಡಬೇಡಿ, ಏಕೆಂದರೆ ವಾಲ್ವ್ ಪೂರ್ತಿ ತೆರೆದಿದ್ದರೂ ಪೂರ್ತಿ ಮುಚ್ಚಿದ್ದರೂ ಚೆಂಡಿನ ಸುತ್ತಲಿನ ಪೊಳ್ಳಿನಲ್ಲಿ ದ್ರವ ಸಿಕ್ಕಿಕೊಂಡು ಉಳಿಯಬಹುದು. ಒಳಗಿದ್ದದ್ದು ಆಸಿಡ್ ಆದರೆ ಬೋಲ್ಟ್ ಸಡಿಲಿಸಿದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಕನ್ನಡಕ, ಕೈಗವಸು ಹಾಕಿಯೇ ಕೈಯಿಡಿ. ನಾಲ್ಕು ಬೋಲ್ಟ್‌ಗಳಲ್ಲಿ ಮೂರನ್ನು ತೆಗೆದು, ನಾಲ್ಕನೆಯದನ್ನು ಸಡಿಲಿಸಿ, ನಡುವಿನ ಬಾಡಿಯನ್ನು ಅದರ ಮೇಲೆ ಹೊರಳಿಸಿ. ಈಗ ವಾಲ್ವ್ ಅನ್ನು ಮುಚ್ಚಿದ ಸ್ಥಿತಿಗೆ ತಿರುಗಿಸಿದರೆ ಚೆಂಡು ಸ್ಲಾಟ್‌ನಿಂದ ಜಾರಿ ಕೈಗೆ ಬರುತ್ತದೆ.

ಹಳೆಯ ಸೀಟನ್ನು ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಚೆಂಡು ಕೂತ ಕಡೆ ಹೊಳೆಯುವ ಒಂದು ಪಟ್ಟಿ ಕಾಣುತ್ತದೆ. ಪಟ್ಟಿ ಸುತ್ತಲೂ ಒಂದೇ ಅಗಲ ಇದ್ದರೆ ಸೀಟ್ ವಯಸ್ಸಾಗಿ ಸವೆದಿದೆ. ಪಟ್ಟಿಯನ್ನು ಅಡ್ಡ ದಾಟುವ ಗೀರಿದ್ದರೆ ಲೈನ್‌ನಲ್ಲಿ ಕಸ ಬರುತ್ತಿದೆ. ಕಸ ಸೋಸುವ ಸ್ಟ್ರೈನರ್ ಹಾಕದೆ ಹೊಸ ಸೀಟ್ ಕೂರಿಸಿದರೆ ಅದೂ ಹಾಗೇ ಹಾಳಾಗುತ್ತದೆ. ಒಂದು ಕಡೆ ಮಾತ್ರ ಅಂಚು ಕರಗಿದಂತೆ ಬಾಗಿದ್ದರೆ ಯಾರೋ ವಾಲ್ವ್ ಅನ್ನು ಅರ್ಧ ತೆರೆದು ಹರಿವು ನಿಯಂತ್ರಿಸುತ್ತಿದ್ದಾರೆ. ಆಗ ಇಡೀ ಹರಿವು ಸೀಟಿನ ಅದೇ ಜಾಗವನ್ನು ಉಜ್ಜುತ್ತಿರುತ್ತದೆ. ಚೆಂಡಿನ ಮೇಲೆ ಉಗುರು ಎಳೆಯಿರಿ. ಉಗುರಿಗೆ ತಡೆಯುವ ಗೀರಿದ್ದರೆ ಚೆಂಡೂ ಬದಲಾಗಬೇಕು. ಎಮರಿ ಕಾಗದದಿಂದ ಉಜ್ಜಿದರೆ ಗೋಲಾಕಾರ ಕೆಡುತ್ತದೆ.

ಹೊಸ ಸೀಟ್, ಗ್ಯಾಸ್ಕೆಟ್ ಕೂರಿಸಿದ ಮೇಲೆ ಚೆಂಡನ್ನು ತೆರೆದ ಸ್ಥಿತಿಯಲ್ಲಿಟ್ಟು, ತಯಾರಕರು ಹೇಳಿದ ಟಾರ್ಕ್‌ಗೆ ಬೋಲ್ಟ್‌ಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿಯಿರಿ. ನಡುನಡುವೆ ಹ್ಯಾಂಡಲ್ ಆಡಿಸಿ ನೋಡುತ್ತಿರಿ.

ಪೊಳ್ಳಿನಲ್ಲಿ ಸಿಕ್ಕಿದ ದ್ರವಕ್ಕೆ ಇನ್ನೊಂದು ಕೆಟ್ಟ ಗುಣವಿದೆ. ಮುಚ್ಚಿದ ಗಟ್ಟಿ ಜಾಗದಲ್ಲಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಒಂದು ಡಿಗ್ರಿ ಬಿಸಿಯಾದರೆ ಒತ್ತಡ 4ರಿಂದ 5 ಬಾರ್ ಏರುತ್ತದೆ. ಸೀಟ್ ಬಗ್ಗುವುದರಿಂದ ವಾಲ್ವ್‌ನಲ್ಲಿ ಅಷ್ಟು ಆಗದಿದ್ದರೂ, ಬಿಸಿಲಿಗೆ ಬಿದ್ದ ವಾಲ್ವ್‌ನ ಸೀಟ್ ಕಿತ್ತುಬರಲು ಸಾಕು. ಇದಕ್ಕಾಗಿ ಕೆಲವು ಚೆಂಡುಗಳಲ್ಲಿ ಒಳಬರುವ ಕಡೆ ಸಣ್ಣ ತೂತು ಇರುತ್ತದೆ. ಅಂಥ ವಾಲ್ವ್ ಒಂದೇ ದಿಕ್ಕಿನಲ್ಲಿ ಸೀಲ್ ಆಗುತ್ತದೆ, ಬಾಡಿಯ ಮೇಲಿನ ಬಾಣದಂತೆಯೇ ಕೂರಿಸಿ.

ಸೈಜ್ ಎರಡು ಪಟ್ಟಾದರೆ ಚೆಂಡಿನ ಮೇಲಿನ ಭಾರ ನಾಲ್ಕು ಪಟ್ಟಾಗುತ್ತದೆ. ಆ ಭಾರವನ್ನು ಟೆಫ್ಲಾನ್ ತಾಳದು, ಹ್ಯಾಂಡಲ್ ತಿರುಗದು. ಆದ್ದರಿಂದ ದೊಡ್ಡ ವಾಲ್ವ್‌ಗಳಲ್ಲಿ ಚೆಂಡನ್ನು ಮೇಲೆ ಕೆಳಗೆ ಟ್ರನಿಯನ್ ಎಂಬ ಗಟ್ಟಿ ಗೂಟಗಳ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಇರುವ ಸೀಟನ್ನೇ ಚೆಂಡಿನತ್ತ ಸರಿಯಬಿಡುತ್ತಾರೆ. ಸೀಟಿನ ಹಿಂದಿನ ಓ-ರಿಂಗ್ (ರಬ್ಬರ್ ಬಳೆ) ವ್ಯಾಸ 106 ಮಿ.ಮೀ., ಚೆಂಡು ಮುಟ್ಟುವ ವೃತ್ತ 100 ಮಿ.ಮೀ. ಇದ್ದರೆ, ನಡುವಿನ ಉಂಗುರದ ಮೇಲೆ 50 ಬಾರ್ ಒತ್ತಡ ಸುಮಾರು 495 ಕೆ.ಜಿ. ಬಲದಿಂದ ಸೀಟನ್ನು ತಳ್ಳುತ್ತದೆ. ಇಲ್ಲಿ ಸೀಲ್ ಆಗುವುದು ಒಳಬರುವ ಕಡೆ. ಸೀಟ್ ಸರಿಯುವ ಜಾಗದಲ್ಲಿ ಕಸ ಗಟ್ಟಿಯಾದರೆ ಸ್ಪ್ರಿಂಗ್ ಚೆನ್ನಾಗಿದ್ದರೂ ವಾಲ್ವ್ ಸೋರುತ್ತದೆ.

ಕೊನೆಯ ಪರೀಕ್ಷೆಯನ್ನು ಕಡಿಮೆ ಒತ್ತಡದ ಗಾಳಿಯಲ್ಲಿ ಮಾಡಿ, 6 ಬಾರ್ ಸಾಕು. ಹೊರಹೋಗುವ ಬಾಯಿಗೆ ಸಾಬೂನು ನೀರಿನ ಪೊರೆ ಹಚ್ಚಿ ಒಂದು ನಿಮಿಷ ಕಾಯಿರಿ. ಹೊಸ ಟೆಫ್ಲಾನ್ ಸೀಟಿನಲ್ಲಿ ಪೊರೆ ಕದಲಬಾರದು. ಹೊಸ ಸೀಟ್ ಸಿಗುವವರೆಗೆ ಕೆಲಸ ನಡೆಯಬೇಕಿದ್ದರೆ, ಚೆಂಡಿನಲ್ಲಿ ಮೇಲೆ ಹೇಳಿದ ಸಣ್ಣ ತೂತಿಲ್ಲದ ಫ್ಲೋಟಿಂಗ್ ವಾಲ್ವ್ ಅನ್ನು ಲೈನ್‌ನಲ್ಲಿ ತಿರುಗಿಸಿ ಕೂರಿಸಿ. ಅಷ್ಟಾಗಿ ಸವೆಯದ ಇನ್ನೊಂದು ಸೀಟ್ ಆಗ ಹೊರಹೋಗುವ ಕಡೆಗೆ ಬರುತ್ತದೆ.